ಪಡಸಾಲೆಯಲ್ಲಿ ಪ್ರಣಯಚಿತ್ರ

ಹಿಂದೀ ಪ್ರಣಯಚಿತ್ರವೆಂದರೆ ಮುಂಬಯಿಯ ಸರಕು, ಗದಗ ಸೀಮೆಗೂ ಅದಕ್ಕೂ ಏನು ನಂಟು ಎಂದು ಮೂಗು ಮುರಿಯುವವರುಂಟು. 1956ರ ‘ಬಸಂತ್ ಬಹಾರ್’ ಚಿತ್ರವೇ ಅವರಿಗೆ ಉತ್ತರ. ಅದರ ಕಥೆಗೆ ಆಧಾರ ತ. ರಾ. ಸುಬ್ಬರಾಯರ ಕನ್ನಡ ಕಾದಂಬರಿ ‘ಹಂಸಗೀತೆ’. ಅದರಲ್ಲಿ ಮನ್ನಾ ಡೇ ಅವರೊಡನೆ ಸ್ಪರ್ಧೆಯ ಹಾಡು ಹಾಡಿದವರು ಈ ಸೀಮೆಯವರೇ ಆದ ಭೀಮಸೇನ ಜೋಶಿಯವರು.

ನಂಟು ಹಳೆಯದು, ಬದಲಾದುದು ನೋಡುವ ರೀತಿ. ಒಂದು ಕಾಲಕ್ಕೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಒಂದೇ ತೆರೆಯ ಮುಂದೆ ಕುಳಿತು ನಕ್ಕು ಅತ್ತು ಬರುತ್ತಿದ್ದರು. ಇಂದು ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿಯೂ ಮಗಳು ಅಟ್ಟದ ಮೇಲೆ, ತಾಯಿ ಅಡಿಗೆಮನೆಯಲ್ಲಿ, ತಂದೆ ಪಡಸಾಲೆಯಲ್ಲಿ, ಬೇರೆ ಬೇರೆ ಮೊಬೈಲುಗಳಲ್ಲಿ ಒಂದೇ ಚಿತ್ರವನ್ನು ನೋಡುವುದುಂಟು. ಊಟಕ್ಕೆ ಕುಳಿತಾಗ ಮಾತ್ರ ಯಾರೂ ಅದರ ಮಾತೆತ್ತುವುದಿಲ್ಲ.

ಆದರೆ ಈ ಚಿತ್ರಗಳು ಕೇಳುವುದು ಮನೆಯಲ್ಲಿ ಆಡಬೇಕಾದ ಮಾತನ್ನೇ. 1995ರ ‘ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ’ ಚಿತ್ರದಲ್ಲಿ ನಾಯಕಿಯ ತಾಯಿಯೇ ಒಡವೆ ಕೈಗಿತ್ತು ಓಡಿಹೋಗಿರೆನ್ನುತ್ತಾಳೆ. ನಾಯಕನೋ ಒಲ್ಲೆನೆಂದು, ತಂದೆಯ ಒಪ್ಪಿಗೆಗಾಗಿ ಕಾಯುತ್ತಾನೆ. ಮುಂಬಯಿಯ ಮರಾಠಾ ಮಂದಿರದಲ್ಲಿ ಆ ಚಿತ್ರ 2014ರಲ್ಲಿ 1000 ವಾರಗಳನ್ನು ಪೂರೈಸಿತು. ಹಿರಿಯರ ಮಾತಿಗೂ ಹೃದಯದ ಮಾತಿಗೂ ಏಕಕಾಲಕ್ಕೆ ಬೆಲೆ ಸಲ್ಲಲಿ ಎಂಬ ಹಂಬಲ ಎಷ್ಟು ಮನೆಗಳದ್ದಾಗಿರಬೇಕು!

ಕಿರಣ್ ರಾವ್ ನಿರ್ದೇಶಿಸಿದ ‘ಲಾಪತಾ ಲೇಡೀಸ್’ (2024) ಇನ್ನೊಂದು ಮಗ್ಗುಲನ್ನು ತೋರುತ್ತದೆ. ರೈಲಿನಲ್ಲಿ ವಧುಗಳು ಅದಲುಬದಲಾಗುತ್ತಾರೆ. ಕಳೆದುಹೋದ ಹೆಂಡತಿಯನ್ನು ಹುಡುಕಲು ಗಂಡನ ಬಳಿ ಇರುವ ಭಾವಚಿತ್ರದಲ್ಲಿ ಆಕೆಯ ಮುಖವೇ ಸೆರಗಿನಲ್ಲಿ ಮುಚ್ಚಿಹೋಗಿದೆ. ಇಲ್ಲಿ ಪ್ರಣಯ ಮದುವೆಯ ಅನಂತರ ಮೊಳೆಯುತ್ತದೆ. ಇನ್ನೊಬ್ಬ ವಧುವಿಗಾದರೋ ಮದುವೆಗಿಂತ ಓದೇ ಹೆಚ್ಚು. ಮೋಹಿತ್ ಸೂರಿಯವರ ‘ಸೈಯಾರಾ’ (2025) ಚಿತ್ರದಲ್ಲಿ ನೆನಪು ಕರಗಿಸುವ ರೋಗಕ್ಕೆ ತುತ್ತಾದ ತರುಣಿಯನ್ನು ಪ್ರಿಯಕರನು ಕೈಬಿಡುವುದಿಲ್ಲ.

ಇವನ್ನು ನೋಡುವುದೆಲ್ಲಿ? ಹೊಸ ಹಿಂದೀ ಚಿತ್ರಕ್ಕೆ ಹುಬ್ಬಳ್ಳಿಯ ಬಹುತೆರೆ ಮಂದಿರಗಳೇ ಅನುಕೂಲ. ನರಗುಂದದವರಿಗೆ ವಿಜಯಪುರ ಹೆದ್ದಾರಿಯ ಬಸ್ಸುಂಟು. ರೋಣ, ಗಜೇಂದ್ರಗಡದವರು ಗದಗಿಗೆ ಬಂದು ಮುಂದುವರಿಯಬಹುದು. ಮರಳುವ ಬಸ್ಸಿನ ಚಿಂತೆಯಿರುವವರಿಗೆ ಹಗಲಿನ ಆಟವೇ ಲೇಸು. ಪ್ರಯಾಣ ಬೇಡವೆಂಬವರು ಕೆಲವು ವಾರ ತಾಳಿದರೆ ಚಿತ್ರವೇ ಮನೆಗೆ ಬರುತ್ತದೆ: ‘ಲಾಪತಾ ಲೇಡೀಸ್’ 2024ರ ಏಪ್ರಿಲಿನಲ್ಲಿ, ‘ಸೈಯಾರಾ’ 2025ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸಿಗೆ ಬಂದವು.

ಹಾಗೆ ಮನೆಗೆ ಬಂದ ಚಿತ್ರವನ್ನು ಅಂಗೈಯ ತೆರೆಯಲ್ಲಿ ಒಬ್ಬೊಬ್ಬರೇ ನೋಡುವುದಕ್ಕಿಂತ, ಪಡಸಾಲೆಯ ಟೆಲಿವಿಷನ್ನಿನಲ್ಲಿ ಎಲ್ಲರೂ ಕೂಡಿ ನೋಡುವುದು ಮೇಲು. ಪ್ರಣಯದೃಶ್ಯ ಬಂದಾಗ ಹಿರಿಯರಿಗೆ ಸಂಕೋಚವೆನಿಸಬಹುದು. ನೀರು ಕುಡಿಯುವ ನೆಪದಿಂದ ಒಬ್ಬಿಬ್ಬರು ಏಳಲೂಬಹುದು. ಅಷ್ಟು ಸಂಕೋಚವನ್ನು ಸಹಿಸಿಕೊಂಡರೆ ಲಾಭ ದೊಡ್ಡದು. ವರನ ಮನೆಯವರು ನೋಡಲು ಬರುವ ದಿನ ಗೊತ್ತಾದ ಮೇಲೆ ತನ್ನ ಮನದಲ್ಲಿರುವುದನ್ನು ಹೇಳಲಾರದ ಮಗಳು, ಚಿತ್ರದ ನಾಯಕಿಯ ನೆಪದಿಂದ ಅದನ್ನು ಮೊದಲೇ ಹೇಳಿಬಿಡಬಹುದು. ‘ಆ ತಂದೆ ಮಾಡಿದ್ದು ಸರಿಯೇ?’ ಎಂದು ಆಕೆ ಕೇಳಿದಾಗ, ಅದು ಬರಿಯ ಚಿತ್ರದ ಮಾತಲ್ಲವೆಂದು ಮನೆಯ ತಂದೆ ಅರಿತರೆ ಸಾಕು.