ಮೊದಲು ಮಾತು, ಆಮೇಲೆ ಅಕ್ಷರ

ಶಾಲಾ ಪ್ರವೇಶದ ಕಾಲ ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ವಿಚಿತ್ರವಾದ ಆತುರವೊಂದು ಕಾಣಿಸಿಕೊಳ್ಳುತ್ತದೆ. ಮೂರು ವರ್ಷ ತುಂಬಿರದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು, ಇಂಗ್ಲಿಷ್ ಅಕ್ಷರಮಾಲೆಯನ್ನು ಬರೆಯಿಸಿ, ಅದರ ವೀಡಿಯೊವನ್ನು ಬಂಧುಗಳಿಗೆ ಕಳುಹಿಸಿದರೆ ಹೆತ್ತವರ ಕರ್ತವ್ಯ ಮುಗಿಯಿತೆಂಬ ಭಾವನೆ ಬೇರೂರಿದೆ. ತಮ್ಮೊಳಗೆ ಬ್ಯಾರಿ, ನವಾಯತಿ, ಉರ್ದು ಅಥವಾ ಕನ್ನಡದಲ್ಲಿ ನಗುತ್ತಾ ಹರಟುವ ತಂದೆ ತಾಯಂದಿರು ಮಗುವಿನತ್ತ ತಿರುಗಿದೊಡನೆ ‘ಕಮ್’, ‘ಸಿಟ್’, ‘ಈಟ್’ ಎಂಬ ನಾಲ್ಕಾರು ಆಜ್ಞೆಗಳಿಗೆ ಇಳಿದುಬಿಡುತ್ತಾರೆ. ಇದನ್ನು ಶಿಕ್ಷಣವೆಂದು ಕರೆಯಲಾಗದು. ಇದು ಮಗುವಿನ ಬಾಯಿಯಿಂದ ಮಾತನ್ನು ಕಸಿದುಕೊಳ್ಳುವ ಕ್ರಮ.

ಈ ಆತುರಕ್ಕೆ ಕೆಲವರು ಧರ್ಮದ ಆಧಾರವನ್ನೂ ಕೊಡುತ್ತಾರೆ. ಪ್ರಥಮ ದಿವ್ಯವಾಣಿಯೇ ‘ಇಕ್ರಅ್’ ಅಲ್ಲವೇ ಎಂದು ಕೇಳುತ್ತಾರೆ. ಹೌದು. ಆದರೆ ಆ ಆಜ್ಞೆ ಬಂದುದು ಹಾಳೆಯ ಮೇಲಲ್ಲ. ಅಕ್ಷರಾಭ್ಯಾಸವಿಲ್ಲದ ಪ್ರವಾದಿಯವರ(ಸ) ಕಿವಿಗೆ ಅದು ಧ್ವನಿಯಾಗಿ ಬಂತು. ಅದೇ ಸೂರಃ ಅಲ್ ಅಲಕ್‌ನಲ್ಲಿ ಲೇಖನಿಯ ಪ್ರಸ್ತಾಪ ಬರುವುದು ನಾಲ್ಕನೆಯ ಸೂಕ್ತದಲ್ಲಿ. ಸೂರಃ ಅರ್ರಹ್ಮಾನ್‌ನ ಆರಂಭದಲ್ಲಿ ಅಲ್ಲಾಹನು ಮನುಷ್ಯನ ಸೃಷ್ಟಿಯ ಬೆನ್ನಿಗೇ ಎಣಿಸುವ ಅನುಗ್ರಹ ಮಾತು. ಸೂರಃ ಅರ್ರೂಮ್‌ನ 22ನೇ ಸೂಕ್ತವಂತೂ ಭಾಷೆಗಳ ವೈವಿಧ್ಯವನ್ನು ಅವನ ದೃಷ್ಟಾಂತಗಳ ಸಾಲಿನಲ್ಲಿರಿಸಿದೆ. ಅಲ್ಲಾಹನು ದೃಷ್ಟಾಂತವೆಂದದ್ದನ್ನು ನಾವು ಕೀಳರಿಮೆಯಿಂದ ಮಗುವಿನ ಮುಂದೆ ಮುಚ್ಚಿಡುತ್ತಿದ್ದೇವೆ.

ನಿಜವಾಗಿ ನೋಡಿದರೆ, ಸರಿಯಾದ ಕ್ರಮ ನಮಗೆ ತಿಳಿಯದ್ದೇನಲ್ಲ. ಮಗುವಿಗೆ ‘ಅಲಿಫ್’ ಗುರುತಿಸಲು ಬರುವ ಮೊದಲೇ ಸೂರಃ ಅಲ್ ಫಾತಿಹಾ ಅದರ ನಾಲಿಗೆಯ ಮೇಲಿರುತ್ತದೆ. ತಾಯಿಯ ತುಟಿ ನೋಡಿ, ತಂದೆಯ ನಮಾಝ್ ಕೇಳಿ ಅದು ಕಲಿತದ್ದು. ಕುರ್‌ಆನಿನ ವಿಷಯದಲ್ಲಿ ಮೊದಲು ಕಿವಿ, ಬಳಿಕ ಕಣ್ಣು ಎಂಬ ನಿಯಮ ಪಾಲಿಸುವ ನಾವು, ಶಾಲೆಯ ವಿಷಯದಲ್ಲಿ ಅದನ್ನು ತಲೆಕೆಳಗು ಮಾಡಿದ್ದೇಕೆ?

ಓದು ಎಂದರೆ ಅಕ್ಷರದ ಆಕಾರವನ್ನು ಬಲ್ಲುದಷ್ಟೇ ಅಲ್ಲ. ಆಕಾರದ ಹಿಂದೆ ಧ್ವನಿಯಿದೆ, ಧ್ವನಿಗಳು ಸೇರಿದರೆ ಪದ, ಪದದ ಹಿಂದೆ ಅರ್ಥ. ‘ಮ’ ಮತ್ತು ‘ರ’ವನ್ನು ಕೂಡಿಸಿ ‘ಮರ’ ಎಂದು ಓದಿದ ಮಗುವಿಗೆ ಆ ಪದ ಮೊದಲೇ ಪರಿಚಿತವಾಗಿದ್ದರೆ ಮಾತ್ರ ಓದು ಕೈಗೂಡುತ್ತದೆ. ಇಲ್ಲವಾದರೆ ಅದು ಬರಿಯ ಸದ್ದು. ಪದ ಸಂಪತ್ತು ಬೆಳೆಯುವುದು ಸಂಭಾಷಣೆಯಲ್ಲಿ. ಪದದೊಳಗಿನ ಧ್ವನಿಗಳನ್ನು ಬಿಡಿಸಿ ಕೇಳುವ ಸಾಮರ್ಥ್ಯ ಬೆಳೆಯುವುದು ಪ್ರಾಸದ ಆಟಗಳಲ್ಲಿ, ಚಪ್ಪಾಳೆಯ ಹಾಡುಗಳಲ್ಲಿ.

ಪ್ರವಾದಿಯವರ(ಸ) ಮಾದರಿಯನ್ನೇ ನೋಡಿರಿ. ಅನಸ್‌ರ(ರ) ಪುಟ್ಟ ತಮ್ಮ ಅಬೂ ಉಮೈರ್‌ನ ಬಳಿ ‘ನುಗೈರ್’ ಎಂಬ ಕಿರುಹಕ್ಕಿಯೊಂದಿತ್ತು. ಸಮುದಾಯದ ಹೊಣೆಯನ್ನೆಲ್ಲ ಹೊತ್ತಿದ್ದ ಪ್ರವಾದಿಯವರು(ಸ) ಆ ಮಗುವನ್ನು ಕಂಡಾಗ ಹೆಸರಿಗೆ ಪ್ರಾಸ ಹೊಂದುವಂತೆ ಹಕ್ಕಿಯ ವಿಚಾರ ಕೇಳುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿದೆ. ಅದು ಮಗುವಿನ ಭಾಷೆ, ಮಗುವಿನ ವಿಷಯ, ಮಗುವಿಗೆ ಖುಷಿ ಕೊಡುವ ಪ್ರಾಸ. ನಮಗೆ ಮಾತ್ರ ಸಮಯವಿಲ್ಲ. ಮಗುವಿನ ಕೈಯಲ್ಲಿ ಮೊಬೈಲ್ ಇದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆಯ ಮುಂದೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಪರದೆ ಮಾತಾಡುತ್ತದೆ ನಿಜ, ಆದರೆ ಮಗುವಿನ ಉತ್ತರಕ್ಕಾಗಿ ಅದು ಕಾಯುವುದಿಲ್ಲ.

“ಇಂಗ್ಲಿಷ್ ಇಲ್ಲದೆ ಅನ್ನವಿಲ್ಲ” ಎಂಬ ವಾದವಿದೆ. ಇಂಗ್ಲಿಷ್ ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ಒಂದು ಭಾಷೆಯಲ್ಲಿ ಆಳವಾಗಿ ಯೋಚಿಸಲು, ಕಥೆಯನ್ನು ಕ್ರಮವಾಗಿ ಹೇಳಲು ಬಲ್ಲ ಮಗು ಎರಡನೆಯ ಭಾಷೆಗೆ ಆ ಸಾಮರ್ಥ್ಯವನ್ನೇ ಕೊಂಡೊಯ್ಯುತ್ತದೆ. ಬುನಾದಿಯೇ ಇಲ್ಲದ ಮಗು ಎರಡು ಭಾಷೆಗಳಲ್ಲೂ ಮೂಕವಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಹ, ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯೇ ಬೋಧನೆಯ ಮಾಧ್ಯಮವಾಗಿರಲಿ ಎನ್ನುತ್ತದೆ.

ಇದಕ್ಕೆ ಶುಲ್ಕ ಕಟ್ಟಬೇಕಾಗಿಲ್ಲ. ಮಗ್ರಿಬ್ ಮತ್ತು ಇಶಾದ ನಡುವೆ ಅರ್ಧ ಗಂಟೆ ಮೊಬೈಲ್ ಬದಿಗಿರಿಸಿರಿ. ಮೀನಿನ ಹೊಟ್ಟೆಯಲ್ಲಿದ್ದ ಯೂನುಸ್‌ರ(ಅ), ನಾವೆ ಕಟ್ಟಿದ ನೂಹ್‌ರ(ಅ), ಇರುವೆಯ ಮಾತಿಗೆ ಮುಗುಳ್ನಕ್ಕ ಸುಲೈಮಾನ್‌ರ(ಅ) ಚರಿತ್ರೆಯನ್ನು ಮನೆಮಾತಿನಲ್ಲೇ ಹೇಳಿರಿ. ನಡುವೆ ನಿಲ್ಲಿಸಿ, “ಮುಂದೇನಾಯಿತು?” ಎಂದು ಕೇಳಿರಿ. ಉತ್ತರಕ್ಕಾಗಿ ಕಾಯಿರಿ. ತಪ್ಪು ಹೇಳಿದರೆ ಗದರಬೇಡಿರಿ. ಚಿತ್ರಪುಸ್ತಕವನ್ನು ತೊಡೆಯ ಮೇಲಿಟ್ಟು ಜೊತೆಯಾಗಿ ನೋಡಿರಿ. ಇದು ತಾಯಿಯೊಬ್ಬಳ ಕೆಲಸವಲ್ಲ, ತಂದೆಯೂ ಕುಳಿತುಕೊಳ್ಳಲಿ.

ಪ್ರತಿಯೊಬ್ಬರನ್ನೂ ಅವರ ಅಧೀನದಲ್ಲಿರುವವರ ಬಗ್ಗೆ ಪ್ರಶ್ನಿಸಲಾಗುವುದೆಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ಆ ದಿನದ ವಿಚಾರಣೆ ಮಗು ಎಷ್ಟು ಬೇಗ ಅಕ್ಷರ ಬರೆಯಿತು ಎಂಬುದರ ಬಗ್ಗೆ ಇರಲಾರದು. ಅಲ್ಲಾಹನು ದಯಪಾಲಿಸಿದ ಮಾತೆಂಬ ಅಮಾನತ್ತನ್ನು ನಾವು ಏನು ಮಾಡಿದೆವು ಎಂಬುದಕ್ಕೆ ಮಾತ್ರ ಉತ್ತರ ಸಿದ್ಧವಿರಲಿ.