ಜಗ್ಗಿದ ಬಾಗಿಲು ಮತ್ತು ಕಿತ್ತುಕೊಂಡ ಪಿರಿಯಡ್ಡು

ಮನೆಯ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ನಾವು ಬಡಗಿಯನ್ನು ಕರೆಯುತ್ತೇವೆ. ಆದರೆ ಆ ಮನೆಯೇ ಗಾಲಿಗಳ ಮೇಲೆ ನಿಂತು ಊರಿಂದೂರಿಗೆ ಉರುಳುವಂಥದ್ದಾದರೆ ಯಾರನ್ನು ಕರೆಯಬೇಕು? ಈ ಪ್ರಶ್ನೆ ನನಗೆ ಎದುರಾದದ್ದು 2023ರ ಜೂನ್ ತಿಂಗಳಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ಮಿಶಿಗನ್ ಸರೋವರದ ದಂಡೆಯ ಮರಳುದಿಬ್ಬಗಳ ನಡುವೆ. ಅಲ್ಲಿ ಕೈಗೆ ಬಂದ ಒಂದು ಸಣ್ಣ ಕೆಲಸ ನನ್ನನ್ನು ಮೂವತ್ತು ವರ್ಷ ಹಿಂದಕ್ಕೆ, ನಾನು ಪಾಠ ಮಾಡುತ್ತಿದ್ದ ಪ್ರೌಢಶಾಲೆಯ ಒಂದು ಮೂಲೆಯ ಕೊಠಡಿಗೆ ಕರೆದೊಯ್ದಿತು. ಅದರ ಕುರಿತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ.

ಅಮೆರಿಕದಲ್ಲಿ 'ಟ್ರಾವೆಲ್ ಟ್ರೇಲರ್' ಎಂಬ ಗಾಲಿಮನೆಗಳಿವೆ. ಕಾರು ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವಂಥವು. ಒಳಗೆ ಒಲೆ, ಮಂಚ, ಶೌಚಾಲಯ, ಮೂಲೆಯಲ್ಲೊಂದು ಪುಟ್ಟ ಸ್ನಾನದ ಗೂಡು. ಕೊರೋನಾ ಕಾಲದಲ್ಲಿ ಹೋಟೆಲು, ವಿಮಾನಗಳಿಗೆ ಅಂಜಿದ ಜನ ಇವುಗಳಿಗೆ ಮುಗಿಬಿದ್ದರು. 2021ರ ಒಂದೇ ವರ್ಷದಲ್ಲಿ ಇಂತಹ ಪ್ರವಾಸಿ ವಾಹನಗಳು ಎಲ್ಲ ಬಗೆಯವೂ ಸೇರಿ ಸುಮಾರು ಆರು ಲಕ್ಷದಷ್ಟು ಕಾರ್ಖಾನೆಗಳಿಂದ ಹೊರಬಿದ್ದವು. ಅವುಗಳಲ್ಲೊಂದು ನನ್ನ ಮಗನ ಮನೆಯಂಗಳಕ್ಕೂ ಬಂತು.

ಸ್ನಾನದ ಗೂಡಿಗೆ ಗಾಜಿನ ಬಾಗಿಲು. ಮೇಲೊಂದು, ಕೆಳಗೊಂದು ಗೂಟದ ಮೇಲೆ ತಿರುಗುತ್ತದೆ. ಆ ಗೂಟಗಳು ಗೋಡೆಗೆ ತಿರುಪು ಹಾಕಿ ಕೂಡಿಸಿದ ಅಲ್ಯೂಮಿನಿಯಂ ಪಟ್ಟಿಯಲ್ಲಿ ಕೂತಿವೆ. ಎರಡು ವರ್ಷದ ಪ್ರಯಾಣದಲ್ಲಿ ಆ ಬಾಗಿಲು ಜಗ್ಗಿಹೋಗಿತ್ತು. ಹಿಡಿಕೆಯ ಬದಿಯ ಕೆಳಮೂಲೆ ತಳಕ್ಕೆ ಉಜ್ಜುತ್ತಿತ್ತು. ಮೇಲ್ಮೂಲೆಯಲ್ಲಿ ಅರ್ಧ ಅಂಗುಲದ ಸಂದು. ಮುಚ್ಚಿದರೆ ಅಯಸ್ಕಾಂತದ ಪಟ್ಟಿ ಹಿಡಿಯದು. ಸ್ನಾನ ಮಾಡಿದಾಗಲೆಲ್ಲ ನೀರು ಹೊರಗೆ ಹರಿದು ನೆಲಹಾಸಿನ ಅಂಚಿನಡಿ ನುಸುಳುತ್ತಿತ್ತು. ಇದನ್ನು ಬರಿಯ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ. ಇಂತಹ ಗಾಡಿಗಳ ಪರಮಶತ್ರು ನೀರು. ನೆಲಹಾಸಿನ ಕೆಳಗಿರುವುದು ಮರದ ಹಲಗೆ. ಒಮ್ಮೆ ನೆನೆದು ಕೊಳೆಯಲಾರಂಭಿಸಿದರೆ ಬಾಗಿಲ ಖರ್ಚು ಹೋಗಿ ನೆಲದ ಖರ್ಚು ಬರುತ್ತದೆ.

ಮಗ ಮಾರಾಟಗಾರರಿಗೆ ಫೋನು ಮಾಡಿದ. ಬಾಗಿಲನ್ನಾಗಲಿ ಬುಶ್ಶನ್ನಾಗಲಿ ಬಿಡಿಯಾಗಿ ಕೊಡುವುದಿಲ್ಲ, ಇಡೀ ಚೌಕಟ್ಟನ್ನೇ ಕೊಳ್ಳಬೇಕು, ಆರು ವಾರ ಕಾಯಬೇಕು ಎಂಬ ಉತ್ತರ ಬಂತು. "ಬಿಡಿ ಅಪ್ಪ, ಹೊಸದೇ ಹಾಕಿಸಿಬಿಡೋಣ" ಎಂದ. ಗಣಿತದ ಮೇಷ್ಟರಾಗಿದ್ದ ನನಗೆ ಸುಮ್ಮನಿರಲಾಗಲಿಲ್ಲ. ಹನ್ನೆರಡು ವರ್ಷದ ಮೊಮ್ಮಗನನ್ನು ಪಕ್ಕಕ್ಕೆ ಕೂಡಿಸಿಕೊಂಡು ಕಾಗದ ತೆಗೆದೆ.

ಬಾಗಿಲಿನ ಅಗಲ 60 ಸೆಂಟಿಮೀಟರ್, ಎತ್ತರ 150, ಗಾಜಿನ ದಪ್ಪ 5 ಮಿಲಿಮೀಟರ್. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ಅಲ್ಲಿಗೆ ಈ ಬಾಗಿಲ ತೂಕ ಹನ್ನೊಂದೂಕಾಲು ಕಿಲೋ. ಭಾರದ ಕೇಂದ್ರ ಗೂಟದಿಂದ 30 ಸೆಂಟಿಮೀಟರ್ ದೂರ. ತೂಕವನ್ನು ಆ ದೂರದಿಂದ ಗುಣಿಸಿ, ಎರಡು ಗೂಟಗಳ ನಡುವಿನ 150ರಿಂದ ಭಾಗಿಸಿದರೆ ಬರುವುದು ಎರಡೂಕಾಲು ಕಿಲೋ. ಅಂದರೆ ಮೇಲಿನ ಗೂಟ ಪಟ್ಟಿಯನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ ಅಷ್ಟೇ. ಕೆಳಗಿನ ಗೂಟ ಅಷ್ಟೇ ಬಲದಿಂದ ಗೋಡೆಯತ್ತ ಒತ್ತುತ್ತದೆ. "ಇಷ್ಟೇನಾ ಅಜ್ಜ? ಹಾಗಾದರೆ ಯಾಕೆ ಕಿತ್ತುಬಂತು?" ಎಂದ ಹುಡುಗ. ಒಳ್ಳೆಯ ಪ್ರಶ್ನೆ! ನಿಂತ ಮನೆಯಲ್ಲಿ ಎರಡೂಕಾಲು ಕಿಲೋ ಏನೂ ಅಲ್ಲ. ಹೆದ್ದಾರಿಯಲ್ಲಿ ಓಡುವ ಮನೆಯಲ್ಲಿ ಪ್ರತಿ ಕುಲುಕಿಗೂ ಆ ಬಲ ಹಲವು ಪಟ್ಟು ಹೆಚ್ಚಿ ಮತ್ತೆ ಇಳಿಯುತ್ತದೆ; ಹೀಗೆ ಸಾವಿರಾರು ಸಲ. ತಿರುಪು ಒಂದೇಟಿಗೆ ಕಿತ್ತುಬರುವುದಿಲ್ಲ, ಅಲುಗಾಡಿ ಅಲುಗಾಡಿ ತನ್ನ ತೂತನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ.

ಲೆಕ್ಕವೇನೋ ಸೊಗಸಾಗಿ ಬಂತು. ಆಮೇಲೆ ನಾನು ಮಾಡಿದ್ದು ಶುದ್ಧ ದಡ್ಡತನ. ಮೇಲಿನ ತಿರುಪನ್ನು ಬಿಗಿ ಮಾಡಲು ಹೊರಟೆ. ಅದು ಹಿಡಿತವಿಲ್ಲದೆ ಗಿರ್ರನೆ ತಿರುಗಿತು. ಅದನ್ನು ತೆಗೆದು ಇನ್ನಷ್ಟು ದಪ್ಪನೆಯದನ್ನು ತುರುಕಿದೆ. ಕೆಳಮೂಲೆಗೆ ರಟ್ಟಿನ ಚೂರೊಂದನ್ನು ಬೆಣೆಯಾಗಿ ಕೊಟ್ಟೆ. ಆ ಸಂಜೆ ಬಾಗಿಲು ಮುಚ್ಚಿತು, ಎಲ್ಲರೂ ಮೆಚ್ಚಿದರು. ಮರುದಿನ ಬೆಳಿಗ್ಗೆ ಸೊಸೆ ಸ್ನಾನ ಮುಗಿಸಿ ಹೊರಬರುವಷ್ಟರಲ್ಲಿ ದಪ್ಪ ತಿರುಪು ಗೋಡೆಯ ಚಕ್ಕೆಯ ಸಮೇತ ಹೊರಬಂದಿತ್ತು. ರಟ್ಟು ನೆನೆದು ಮುದ್ದೆಯಾಗಿತ್ತು.

ಆಗ ನೆನಪಾದವರು ನಮ್ಮ ಶಾಲೆಯ ಕ್ರಾಫ್ಟ್ ಮೇಷ್ಟರು.

ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಆ ಪ್ರೌಢಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದವರು ಅವರು. ಶಾಲೆಯ ಬಾಗಿಲೊಂದು ಜಗ್ಗಿದರೆ ಅವರನ್ನು ಕರೆಯುತ್ತಿದ್ದೆವು. ಬಂದವರು ಮೊದಲು ಬಾಗಿಲನ್ನು ಮುಟ್ಟುತ್ತಲೇ ಇರಲಿಲ್ಲ. ಬಾಗಿಲುವಾಡಕ್ಕೆ ರಸಮಟ್ಟ ಹಿಡಿಯುವರು, ತೂಗುಗುಂಡು ಇಳಿಬಿಡುವರು, ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವರು. "ಜಗ್ಗಿದ್ದು ಬಾಗಿಲು ಅಂತ ಕಾಣುತ್ತೆ ಸಾರ್, ಆದರೆ ಸೋತಿರೋದು ಅದನ್ನ ಹೊತ್ತುಕೊಂಡಿರೋದು" ಎಂಬುದು ಅವರ ಮಾತು. ಸ್ಟಾಫ್ ರೂಮಿನಲ್ಲಿ ಅದನ್ನು ಕೇಳಿ ನಾವು ನಕ್ಕಿದ್ದೂ ಉಂಟು.

ಸರಿ, ಅವರಂತೆಯೇ ಮಾಡಿದೆವು. ಮೊದಲು ರಸಮಟ್ಟವನ್ನು ಗಾಡಿಯ ನೆಲದ ಮೇಲಿಟ್ಟೆವು. ಗುಳ್ಳೆ ಒಂದು ಪಕ್ಕಕ್ಕೆ ಓಡಿತು. ಮಗ ಗಾಡಿಯನ್ನು ನಿಲ್ಲಿಸುವಾಗ ನಾಲ್ಕು ಮೂಲೆಯ ಜ್ಯಾಕುಗಳಿಂದಲೇ ಅದನ್ನು ಎತ್ತಿ ಮಟ್ಟ ಮಾಡಲು ನೋಡಿದ್ದ. ಆ ಜ್ಯಾಕುಗಳು ಗಾಡಿ ಅಲುಗದಂತೆ ಊರುಗೋಲಾಗಿ ನಿಲ್ಲಲು ಇರುವಂಥವು, ಭಾರವೆತ್ತಲು ಅಲ್ಲ. ಒಂದು ಮೂಲೆಯನ್ನು ಹೆಚ್ಚು ಎತ್ತಿದರೆ ಚಾಸಿಯೇ ತುಸು ತಿರುಚಿಕೊಳ್ಳುತ್ತದೆ. ಆಗ ಆಯತಾಕಾರದ ಬಾಗಿಲುವಾಡ ಆಯತವಾಗಿ ಉಳಿಯುವುದಿಲ್ಲ. ನಾಲ್ಕನ್ನೂ ಮೇಲಕ್ಕೆ ಸರಿಸಿ, ತಗ್ಗಿದ ಬದಿಯ ಗಾಲಿಗಳನ್ನು ಹಲಗೆಯ ಮೇಲೆ ಹತ್ತಿಸಿ, ಮೂತಿಯನ್ನು ಮುಂದಿನ ಜ್ಯಾಕಿನಿಂದ ಮಟ್ಟಕ್ಕೆ ತಂದು, ಕಡೆಯಲ್ಲಿ ಮೂಲೆಯ ಜ್ಯಾಕುಗಳನ್ನು ನೆಲಕ್ಕೆ ಗಟ್ಟಿಯಾಗಿ ತಾಗುವಷ್ಟೇ ಇಳಿಸಿದೆವು. ಬಾಗಿಲನ್ನು ಮುಟ್ಟುವ ಮೊದಲೇ ಅರ್ಧ ಅಂಗುಲದ ಸಂದು ಕಾಲಂಗುಲಕ್ಕೆ ಇಳಿದಿತ್ತು!

ಆಮೇಲೆ ಗೋಡೆಯನ್ನು ತಟ್ಟಿದೆವು. ತಿರುಪು ಇದ್ದ ಜಾಗದಲ್ಲಿ ಡಬಡಬ ಎಂಬ ಪೊಳ್ಳು ಸದ್ದು. ಅಂಗುಲದಾಚೆ ಗಟ್ಟಿ ಸದ್ದು. ಗೋಡೆಯ ಹಿಂಬದಿಗೆ ಬಟ್ಟೆಯ ಕಪಾಟಿತ್ತು. ಅದರೊಳಗಿನ ತೆಳುಹಲಗೆಯನ್ನು ಬಿಚ್ಚಿ ಟಾರ್ಚು ಹಾಕಿದಾಗ ಗುಟ್ಟು ರಟ್ಟಾಯಿತು. ಮೇಲಿನ ಎರಡು ತಿರುಪುಗಳ ಹಿಂದೆ ಮರದ ಪಟ್ಟಿಯೇ ಇರಲಿಲ್ಲ. ಅಷ್ಟು ದಿನ ಆ ಬಾಗಿಲನ್ನು ಹೊತ್ತಿದ್ದುದು ಬಣ್ಣದ ಕಾಗದ ಅಂಟಿಸಿದ ಮೂರು ಮಿಲಿಮೀಟರ್ ಪ್ಲೈವುಡ್.

ಉಳಿದ ಕೆಲಸವನ್ನು ಚುಟುಕಾಗಿ ಹೇಳುತ್ತೇನೆ. ಗಾಲಿಮನೆ ಇಟ್ಟುಕೊಂಡ ಮಕ್ಕಳಿರುವ ಓದುಗರಿಗೆ ಉಪಯೋಗವಾದೀತು. ಬಾಗಿಲನ್ನು ಇಬ್ಬರು ಹಿಡಿದು ಕಳಚಿ ಕಂಬಳಿಯ ಮೇಲೆ ಮಲಗಿಸಿದೆವು. ಇದು ಹದಗೊಳಿಸಿದ ಗಾಜು. ಮಧ್ಯಭಾಗ ಪೆಟ್ಟು ತಾಳಿಕೊಂಡರೂ ಅಂಚಿಗೆ ಪೆಟ್ಟಾದರೆ ಇಡಿಯಾಗಿ ಪುಡಿಪುಡಿಯಾಗುತ್ತದೆ. ಇದಕ್ಕೆ ಬೈರಿಗೆ ಹಾಕುವ ಯೋಚನೆಯನ್ನೂ ಮಾಡಬಾರದು. ಕಪಾಟಿನ ಕಡೆಯಿಂದ ಗೋಡೆಯೊಳಕ್ಕೆ ಒಂದು ಮರದ ಪಟ್ಟಿಯನ್ನು ಅಂಟು ಹಚ್ಚಿ, ಪಕ್ಕದ ಗಟ್ಟಿ ಕಂಬಕ್ಕೆ ತಿರುಪಿನಿಂದ ಬಿಗಿದೆವು. ಅಂಟು ಒಣಗಿದ ಮೇಲೆ ಅಲ್ಯೂಮಿನಿಯಂ ಪಟ್ಟಿಯನ್ನು ತೂಗುಗುಂಡಿಗೆ ಸರಿಯಾಗಿ ನಿಲ್ಲಿಸಿ, ತುಕ್ಕು ಹಿಡಿಯದ ಸ್ಟೀಲಿನ ತಿರುಪುಗಳನ್ನು ಹೊಸ ಮರಕ್ಕೆ ಇಳಿಸಿದೆವು. ಕೆಳಗಿನ ಗೂಟದ ಬುಶ್ಶು ಸವೆದಿದ್ದರಿಂದ ಅದರಡಿ ಒಂದು ನೈಲಾನ್ ವಾಷರ್ ಇಟ್ಟೆವು. ಬಾಗಿಲು ಎರಡು ಮಿಲಿಮೀಟರ್ ಮೇಲೆದ್ದಿತು. ಅಂಚಿಗೆ ಹೊಸ ಸಿಲಿಕೋನ್ ಎಳೆದು ಒಂದು ಇಡೀ ದಿನ ನೀರು ಸೋಕಿಸಲಿಲ್ಲ. ಪ್ರಯಾಣದ ವೇಳೆ ಬಾಗಿಲು ಅಲುಗದಂತೆ ಕಟ್ಟಲು ಒಂದು ಪಟ್ಟಿಯನ್ನೂ ಸಿಕ್ಕಿಸಿದೆವು. ಒಟ್ಟು ಖರ್ಚು ಹತ್ತೊಂಬತ್ತು ಡಾಲರ್. ಬಾಗಿಲು ಒಂದೇ ಬೆರಳಿನಲ್ಲಿ ಮುಚ್ಚಿತು.

"ಅಜ್ಜ, ಇದನ್ನೆಲ್ಲ ನಿಮಗೆ ಸ್ಕೂಲಿನಲ್ಲಿ ಹೇಳಿಕೊಟ್ಟರಾ?" ಎಂದು ಮೊಮ್ಮಗ ಕೇಳಿದ. ನಾನು ಆ ಪ್ರಶ್ನೆಗೆ ನೇರವಾಗಿ ಉತ್ತರಿಸಲಿಲ್ಲ. ಇಲ್ಲಿ ಉತ್ತರಿಸುತ್ತೇನೆ.

ನಮ್ಮ ಶಾಲೆಯಲ್ಲಿ ವಾರಕ್ಕೆ ಎರಡು ಪಿರಿಯಡ್ಡು ಕ್ರಾಫ್ಟಿಗೆ ಮೀಸಲಾಗಿದ್ದವು. ಡಿಸೆಂಬರ್ ಬಂತೆಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಚಿಂತೆಯಲ್ಲಿ ನಾನು ಅವುಗಳನ್ನು ಗಣಿತಕ್ಕೆ ಕೇಳಿ ಪಡೆಯುತ್ತಿದ್ದೆ. ಕೇಳುವುದೇನು ಬಂತು, ಕಿತ್ತುಕೊಳ್ಳುತ್ತಿದ್ದೆ ಎಂಬುದೇ ಸರಿ. ಕ್ರಾಫ್ಟ್ ಮೇಷ್ಟರು ಒಮ್ಮೆಯೂ ಇಲ್ಲವೆನ್ನಲಿಲ್ಲ. ಹುಡುಗರನ್ನು ನನ್ನ ತರಗತಿಗೆ ಕಳುಹಿಸಿ, ತಾವು ಖಾಲಿ ಕೊಠಡಿಯಲ್ಲಿ ಉಳಿಗಳಿಗೆ ಎಣ್ಣೆ ಸವರುತ್ತ ಕೂರುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರೂ ಬರಲಿಲ್ಲ. ಸಲಕರಣೆಗಳ ಬೀರುವಿನ ಬೀಗ ತುಕ್ಕು ಹಿಡಿಯಿತು. ನಾನು ಕಪ್ಪುಹಲಗೆಯ ಮೇಲೆ ಸನ್ನೆಯ ನಿಯಮ ಬರೆದೆ. ಯಾವ ಹುಡುಗನ ಕೈಗೂ ಸನ್ನೆಗೋಲು ಕೊಡಲಿಲ್ಲ.

ನನ್ನ ಸಮರ್ಥನೆಗೆ ಮಾತುಗಳಿಲ್ಲವೆಂದಲ್ಲ. ಗಣಿತದಲ್ಲಿ ಪಾಸಾಗಿ ಆ ಊರು ದಾಟಿದ ಬಡಮಕ್ಕಳು ಎಷ್ಟೋ ಮಂದಿ. ಇನ್ನೂ ತೂಕದ ಒಂದು ಮಾತಿದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಎಂಬ ಯೋಜನೆಯನ್ನು ಮುಂದಿಟ್ಟಾಗಿನಿಂದಲೂ, ತಲೆಮಾರುಗಳಿಂದ ಕಸುಬು ಮಾಡಿದವರ ಮಕ್ಕಳನ್ನು ಮತ್ತೆ ಅದೇ ಕಸುಬಿಗೆ ಕಟ್ಟಿಹಾಕಿದಂತಾಗದೇ ಎಂಬ ಶಂಕೆ ಇದೆ. ಬಡಗಿಯ ಮಗನೊಬ್ಬ ನನ್ನೊಡನೆ, "ಸಾರ್, ಉಳಿ ಹಿಡಿಯೋದು ಮನೇಲೇ ಇದೆ, ನನಗೆ ಲೆಕ್ಕ ಹೇಳಿಕೊಡಿ" ಎಂದದ್ದು ನೆನಪಿದೆ. ಅವನು ಹೇಳಿದ್ದು ಸರಿ. ಆದರೆ ಉಳಿಯನ್ನು ಎಂದೂ ಮುಟ್ಟದವರ ಮಕ್ಕಳ ಕೈಗೆ ಅದನ್ನು ಕೊಡಬೇಕಾದದ್ದು ಆ ಕಾರಣಕ್ಕಾಗಿಯೇ ಅಲ್ಲವೇ? ಎಲ್ಲರೂ ಕಲಿತರೆ ಅದು ಒಂದು ಜಾತಿಯ ಹೊರೆಯಾಗಿ ಉಳಿಯದು. ಬಡಗಿಯ ಮಗನಿಗೆ ಗಣಿತ ಎಷ್ಟು ಹಕ್ಕೋ, ಮೇಷ್ಟರ ಮಗನಿಗೆ ಮರಗೆಲಸ ಅಷ್ಟೇ ಅಗತ್ಯ. ನನ್ನ ಮಗ ಎಂಜಿನಿಯರು, ಬುದ್ಧಿವಂತ. ಆದರೆ ಕೆಟ್ಟ ವಸ್ತುವನ್ನು ಕಂಡೊಡನೆ ಅವನಿಗೆ ಹೊಳೆದದ್ದು ಫೋನು ಮತ್ತು ಕ್ರೆಡಿಟ್ ಕಾರ್ಡು. ಅದರಲ್ಲಿ ನನ್ನ ಪಾಲೂ ಇದೆ.

ತಯಾರಕರ ಹೊಣೆಯೂ ಸಣ್ಣದಲ್ಲ. ಒಂದು ಬುಶ್ಶನ್ನು ಮಾರದೆ ಇಡೀ ಚೌಕಟ್ಟನ್ನು ಮಾರುವುದು ವ್ಯಾಪಾರವಿರಬಹುದು, ನ್ಯಾಯವಲ್ಲ. ಫ್ರಾನ್ಸ್ 2021ರಿಂದ ಕೆಲವು ಬಗೆಯ ವಿದ್ಯುತ್ ಉಪಕರಣಗಳ ಮೇಲೆ ಅವು ಎಷ್ಟರಮಟ್ಟಿಗೆ ದುರಸ್ತಿಯಾಗಬಲ್ಲವೆಂಬ ಅಂಕವನ್ನು ನಮೂದಿಸುವಂತೆ ಮಾಡಿತು. ಭಾರತ ಸರ್ಕಾರವೂ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಜಾಲತಾಣವೊಂದನ್ನು ತೆರೆಯಿತು. ಆದರೆ ಹಕ್ಕು ಕಾಗದದಲ್ಲಿದ್ದು ಕೈಗೆ ಕೆಲಸ ತಿಳಿಯದಿದ್ದರೆ ಆ ಹಕ್ಕನ್ನು ಬಳಸುವವರಾರು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ನಡುವೆ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎನ್ನುತ್ತದೆ. ಆಶಯ ಒಳ್ಳೆಯದೇ. ಆದರೆ ಹತ್ತು ದಿನದಲ್ಲಿ ತಿರುಪು ತಿರುಗಿಸುವುದು ಬಂದೀತು. ತಿರುಗಿಸುವ ಮುನ್ನ ಗೋಡೆಯನ್ನು ತಟ್ಟಿ ನೋಡುವ ತಾಳ್ಮೆ ಬಾರದು. ಅದಕ್ಕೆ ವಾರಕ್ಕೆ ಎರಡು ಪಿರಿಯಡ್ಡು, ವರ್ಷವಿಡೀ ಬೇಕು. ಶಾಲೆಯ ಜಗ್ಗಿದ ಬಾಗಿಲು, ಅಲುಗುವ ಬೆಂಚು, ಸೋರುವ ನಲ್ಲಿ ಇವೇ ಪಠ್ಯಪುಸ್ತಕವಾಗಲಿ. ಗಣಿತದ ಮೇಷ್ಟರೂ ಆ ಕೊಠಡಿಗೆ ಹೋಗಲಿ. ಪಿರಿಯಡ್ಡು ಕೇಳುವುದಕ್ಕಲ್ಲ, ಎರಡೂಕಾಲು ಕಿಲೋದ ಲೆಕ್ಕ ಹೇಳುವುದಕ್ಕೆ.

ನನ್ನ ಸಾಲದ ಲೆಕ್ಕವನ್ನೂ ಹಾಕಿದ್ದೇನೆ. ವಾರಕ್ಕೆ ಎರಡರಂತೆ, ವರ್ಷಕ್ಕೆ ಹದಿನಾಲ್ಕು ವಾರ, ಹತ್ತು ವರ್ಷ: ಇನ್ನೂರ ಎಂಬತ್ತು ಪಿರಿಯಡ್ಡುಗಳು. ತೀರಿಸಲು ಕ್ರಾಫ್ಟ್ ಮೇಷ್ಟರು ಇಂದು ನಮ್ಮೊಂದಿಗಿಲ್ಲ. ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದಾರೆ, ಒಬ್ಬಿಬ್ಬರು ಮುಖ್ಯೋಪಾಧ್ಯಾಯರೂ ಹೌದು. ನಿಮ್ಮ ಶಾಲೆಯಲ್ಲಿ ಬೀಗ ಹಾಕಿದ ಅಂತಹದೊಂದು ಬೀರು ಇದ್ದರೆ ದಯವಿಟ್ಟು ತೆಗೆಸಿ ನೋಡಿ. ಒಳಗೇನಿತ್ತು ಎಂಬುದನ್ನು ನನಗೊಂದು ಸಾಲು ಬರೆದು ತಿಳಿಸಿದರೆ ಉಪಕಾರವಾದೀತು.