ಸೂಜಿಯ ಕಾಯಕಕ್ಕೆ ತಕ್ಕ ಬೆಲೆ

ಇಳಕಲ್ಲ ಸೀರೆಯ ಒಡಲಿಗೆ ಸೆರಗಿನ ಹಾಸನ್ನು ಕೊಂಡಿಯಿಂದ ಕೂಡಿಸುವವನು ನೇಕಾರ. ಅದರ ಮೇಲೆ ಗೋಪುರ, ತೇರು, ತುಳಸಿಕಟ್ಟೆಗಳನ್ನು ಕಸೂತಿಯಲ್ಲಿ ಮೂಡಿಸುವವಳು ಹೆಣ್ಣುಮಗಳು. ಗವಂತಿ, ಮುರ್ಗಿಗಳಲ್ಲಿ ಗಂಟಿಲ್ಲ, ಮೊದಲೇ ಬರೆದ ಗೆರೆಯಿಲ್ಲ. ಎಳೆಯ ಎಣಿಕೆಯೊಂದೇ ಆಧಾರ. ಬಟ್ಟೆಯ ಎರಡು ಮಗ್ಗುಲೂ ಒಂದೇ ತೆರನಾಗಿ ಕಾಣುವುದೇ ಅದರ ಪ್ರಮಾಣ.

ಸೀರೆಗೂ ಕಸೂತಿಗೂ ಭೌಗೋಳಿಕ ಸೂಚಕದ ಮಾನ್ಯತೆಯುಂಟು. ಆದರೂ ಯಂತ್ರದ ಹೊಲಿಗೆ ಕಸೂತಿಯ ಹೆಸರಿನಲ್ಲಿಯೇ ಅಗ್ಗವಾಗಿ ಮಾರಾಟವಾಗುತ್ತಿದೆ. ಯಂತ್ರವನ್ನು ನಾವು ಹಳಿಯಲಾರೆವು. ಸುಳ್ಳು ಹೆಸರನ್ನು ಒಪ್ಪಲಾರೆವು. ಕೈಕಸೂತಿಯ ಉಡುಪುಗಳಿಂದ ಕಿರು ಉದ್ಯಮ ಕಟ್ಟಬಯಸುವವರು ಹೊಲಿದವಳ ಹೆಸರನ್ನೂ, ಆಕೆಗೆ ಹಿಡಿದ ದಿನಗಳನ್ನೂ ಸೀರೆಯೊಡನೆ ಬರೆದುಕೊಡಲಿ. ಬೆಲೆಯನ್ನು ಆ ದಿನಗಳ ಮೇಲೆಯೇ ಕಟ್ಟಲಿ. ಸೂಜಿಕಾಯಕದ ರಾಮಿತಂದೆಯನ್ನು ಶರಣರ ಸಾಲಿನಲ್ಲಿ ಎಣಿಸಿದ ಪರಂಪರೆ ನಮ್ಮದು. ಕೊಳ್ಳುವವರೂ ಚೌಕಾಸಿಗೆ ಮುನ್ನ ಸೆರಗನ್ನೊಮ್ಮೆ ಮಗುಚಿ ನೋಡಲಿ.